ಕಾಂಪೋಸ್ಟ್ ಹಾಕಿದ ಮೇಲೆ ಟೊಮೆಟೊ ಎಲೆ ಮುದುಡ್ತಿದೆ

ಮಣ್ಣುಮಿತ್ರ: ಸಾಕಾಗಿಹೋಗಿದೆ. ಗೊಬ್ಬರ ಕಪ್ಪಗೆ, ಪುಡಿಪುಡಿಯಾಗಿದೆ, ಮಣ್ಣಿನ ವಾಸನೆ. ಆದರೂ ಅದನ್ನ ಹಾಕಿದ ಪಾತಿಯಲ್ಲಿ ಟೊಮೆಟೊ ಚಿಗುರು ಬಟ್ಟಲಿನ ಹಾಗೆ ಮುದುಡಿಕೊಳ್ತಿದೆ, ಕಾಂಡ ತಿರುಚ್ತಿದೆ. ಹಾಕಬಾರದ್ದು ಏನೂ ಹಾಕಿಲ್ಲ. ಏನು ಮಾಡಲಿ?

ಒಣಎಲೆ: ಗೊಬ್ಬರ ಮಾಗಿಲ್ಲ. ಕಾರ್ಬನ್-ನೈಟ್ರೋಜನ್ 30:1 ಹತ್ತಿರ ಇತ್ತಾ? ಹಸಿ ಕಸ ಜಾಸ್ತಿಯಾದರೆ ನೈಟ್ರೋಜನ್ ಹೆಚ್ಚಿ, ಅಮೋನಿಯಾ ಬೇರು ಸುಡುತ್ತೆ. ಒಣ ಎಲೆ ಸೇರಿಸಿ ಮಗುಚಿ.

ಮಣ್ಣುಮಿತ್ರ: ಮಣ್ಣಿನ ವಾಸನೆ ಅಂತ ಬರೆದಿದ್ದೀನಲ್ಲ.

ಒಣಎಲೆ: ಮೂಗನ್ನ ನಂಬಬೇಡಿ. ಒಣ ಎಲೆ ಸೇರಿಸಿ.

ಎರೆಹುಳು: ನಿಂಬೆ ಸಿಪ್ಪೆ ಹಾಕಿದ್ರಾ? ಹುಳಿ ಆಗಿಬರಲ್ಲ.

ಬಿಸಿರಾಶಿ: ಮತ್ತೆ ಅದೇ ರಾಗ. ಎರೆಹುಳದ ಡಬ್ಬಿಗೆ ಜಾಸ್ತಿ ಬೇಡ, ಒಪ್ಪಿದೆ. ಬಿಸಿ ರಾಶಿಗೆ ಏನೂ ಆಗಲ್ಲ. ನನ್ನದು 65 ಡಿಗ್ರಿ ಮುಟ್ಟುತ್ತೆ, ಉದ್ದ ಕಡ್ಡಿಯ ಥರ್ಮಾಮೀಟರ್ ಸದಾ ಚುಚ್ಚಿಟ್ಟಿರ್ತೀನಿ. ಮಾಂಸ, ಮೂಳೆನೂ ಹಾಕ್ತೀನಿ.

ಎರೆಹುಳು: ಇಲಿ ಬಂದಿದ್ದು ಮಾತ್ರ ಬರೆಯಲ್ಲ. ನಾಯಿ-ಬೆಕ್ಕಿನ ಮಲನೂ ಹಾಕ್ತೀರೋ?

ಬಿಸಿರಾಶಿ: ಅದಿಲ್ಲ. ಜಂತುಹುಳದ ಮೊಟ್ಟೆ, ಬೆಕ್ಕಿನ ಮಲದಲ್ಲಿ ಬರೋ ಟಾಕ್ಸೊಪ್ಲಾಸ್ಮಾ ಅನ್ನೋ ರೋಗಾಣು, ಎರಡೂ ಗಟ್ಟಿಪಿಂಡ. ನಡುವೆ ಎಷ್ಟೇ ಕಾದರೂ ಅಂಚು ತಣ್ಣಗೇ ಇರುತ್ತಲ್ಲ, ಅಲ್ಲಿ ಉಳಿದುಕೊಳ್ತವೆ. ತರಕಾರಿ ಪಾತಿಗೆ ಹೋಗೋ ಗೊಬ್ಬರದಲ್ಲಿ ಆ ಆಟ ಬೇಡ.

ಹುಲ್ಲುಕಡ್ಡಿ: ಅದೇ ಪಾತಿಯಲ್ಲಿ ಹುಲ್ಲು, ಮೆಕ್ಕೆಜೋಳ ಏನಾದರೂ ಇದೆಯಾ? ಹೇಗಿದೆ? ಸಗಣಿ, ಲದ್ದಿ, ಒಣಹುಲ್ಲು ಹೊರಗಿನಿಂದ ತಂದಿದ್ರಾ?

ಮಣ್ಣುಮಿತ್ರ: ಕುದುರೆ ಲದ್ದಿ ಇತ್ತು. ಎಲ್ಲರೂ ಹಾಕೋದೇ ತಾನೆ, ಅದನ್ನೇನು ಬರೆಯೋದು. ಮೆಕ್ಕೆಜೋಳ ಚೆನ್ನಾಗೇ ಇದೆ.

ಹುಲ್ಲುಕಡ್ಡಿ: ಹಾಗಾದರೆ ನನ್ನ ಅನುಮಾನ ಕಳೆನಾಶಕದ ಮೇಲೆ. ಅಮಿನೊಪೈರಾಲಿಡ್, ಕ್ಲೋಪೈರಾಲಿಡ್ ಅಗಲ ಎಲೆಯ ಗಿಡಕ್ಕೆ ಹೊಡೀತವೆ, ಹುಲ್ಲಿನ ಜಾತಿಯನ್ನ ಬಿಡ್ತವೆ. ಸಿಂಪಡಿಸಿದ ಹುಲ್ಲನ್ನ ಕುದುರೆ ತಿಂದರೆ ಲದ್ದಿಯಲ್ಲಿ ಹಾಗೇ ಹೊರಬರ್ತವೆ. 65 ಡಿಗ್ರಿ ಬಿಸಿಗೂ ಜಗ್ಗಲ್ಲ. ಲದ್ದಿ ಕೊಟ್ಟವರಿಗೂ ಗೊತ್ತಿರಬೇಕು ಅಂತೇನಿಲ್ಲ, ಹುಲ್ಲು ಇನ್ನೆಲ್ಲಿಂದಲೋ ಬಂದಿರುತ್ತೆ. ಕೆಲವು ಕುಂಡಕ್ಕೆ ಅರ್ಧ ಈ ಗೊಬ್ಬರ, ಅರ್ಧ ಒಳ್ಳೆ ಮಣ್ಣು; ಕೆಲವಕ್ಕೆ ಬರೀ ಆ ಮಣ್ಣು. ಎರಡರಲ್ಲೂ ಬೀನ್ಸ್ ಬಿತ್ತಿ, ಕೆಳಗಿನ ತಟ್ಟೆ ಬೇರೆಬೇರೆ ಇರಲಿ, ನೀರು ಬೆರೆಯಬಾರದು. 2-3 ವಾರದಲ್ಲಿ ಗೊಬ್ಬರದ ಕುಂಡದವು ಮಾತ್ರ ಮುದುಡಿದರೆ ಅದೇ.

ಒಣಎಲೆ: ವೈರಸ್ಸೂ ಇರಬಹುದು. ಹೇಗಿದ್ರೂ ಒಣ ಎಲೆ ಹಾಕಿ ನೋಡಿ.

ಮಣ್ಣುಮಿತ್ರ: ಬಿತ್ತಿದೆ. ಮಿಕ್ಕ ಗೊಬ್ಬರ ಎಸೆಯೋದಾ?

ಹುಲ್ಲುಕಡ್ಡಿ: ಈಗಲೇ ಬೇಡ. ಮುದುಡಿದರೆ ಹುಲ್ಲುಹಾಸಿನ ಮೇಲೆ ತೆಳ್ಳಗೆ ಹರಡಿ, ಮಣ್ಣಿನ ಸೂಕ್ಷ್ಮಜೀವಿಗಳು ನಿಧಾನಕ್ಕೆ ಒಡೆಯುತ್ತವೆ. ಅಲ್ಲಿ ಕತ್ತರಿಸಿದ ಹುಲ್ಲು ಮತ್ತೆ ರಾಶಿಗೆ ಬೇಡ. ಬೇರೆಯವರಿಗೂ ಕೊಡಬೇಡಿ.

ಬಿಸಿರಾಶಿ: ಥರ್ಮಾಮೀಟರ್ ಕೊಳ್ಳೋರು ಕಡ್ಡಿ ಅರ್ಧ ಮೀಟರ್ ಆದರೂ ಇರೋದು ನೋಡಿ. ನನ್ನದು ಇನ್ನೂ ಉದ್ದ.

ಎರೆಹುಳು: ಯಾರೂ ಕೇಳಿಲ್ಲ.