ಅಪ್‌ಡೇಟ್: ದೇವಿಮನೆ ಘಾಟಿ ಮತ್ತು ಕೂಲಂಟ್

ಕುಮಟಾದಿಂದ ಶಿರಸಿಗೆ ದೇವಿಮನೆ ಘಾಟಿ ಹತ್ತುವಾಗ ಕಾರಿನ ಟೆಂಪರೇಚರ್ ಮುಳ್ಳು ಮೇಲೇರುತ್ತದೆ, ಎಂಜಿನ್ ತಂಪಾಗಿಡುವ ದ್ರವ, ಅಂದರೆ ಕೂಲಂಟ್, ಹಸಿರು ಹಾಕಲೋ ಕೆಂಪೋ ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್.

ಬಣ್ಣ ನೋಡಬೇಡಿ ಎಂದವರ ಮಾತೇ ಸರಿ. ಅದು ಬರೀ ಡೈ, ಒಂದೊಂದು ಕಂಪನಿಯದು ಒಂದೊಂದು ಬಣ್ಣ. ಮುಖ್ಯವಾದದ್ದು ತುಕ್ಕು ತಡೆಯುವ ರಾಸಾಯನಿಕ. ನನ್ನ ಕಾರಿನ ಮ್ಯಾನ್ಯುಯಲ್‌ನಲ್ಲಿ ಓಎಟಿ (ಸಾವಯವ ಆಮ್ಲಗಳಿಂದ ತುಕ್ಕು ತಡೆಯುವ ಬಗೆ) ಎಂದಿತ್ತು, ಅದನ್ನೇ ತಂದೆ. ಹಳೆಯದನ್ನು ತೆಗೆಸಿ, ಫ್ಲಶ್ ಮಾಡಿಸಿ, ಅರ್ಧಕ್ಕರ್ಧ ಡಿಸ್ಟಿಲ್ಡ್ ವಾಟರ್ ಬೆರೆಸಿ ಹಾಕಿಸಿದೆ. ‘ಬಾವಿ ನೀರೇ ಸಾಕು ಮಾರಾಯ್ರೆ’ ಎಂದ ಮೆಕ್ಯಾನಿಕ್. ನಾನು ಒಪ್ಪಲಿಲ್ಲ. ಕುಡಿಯಲು ಎಷ್ಟೇ ರುಚಿ ಇರಲಿ, ಅದರಲ್ಲಿರುವ ಲವಣ ರೇಡಿಯೇಟರ್ ಒಳಗೆ ಕಟ್ಟಿಕೊಳ್ಳುತ್ತದೆ.

ನಮ್ಮಲ್ಲಿ ಹಿಮ ಬೀಳಲ್ಲ, ಆಂಟಿಫ್ರೀಜ್ ಯಾಕೆ ಎಂದೂ ಒಬ್ಬರು ಕೇಳಿದ್ದರು. ಕೂಲಂಟ್ ಹೆಪ್ಪುಗಟ್ಟದಂತೆ ತಡೆಯುವುದು ಅದರಲ್ಲಿರುವ ಗ್ಲೈಕಾಲ್ ಎಂಬ ದ್ರವ; ಅದೇ ಇದ್ದರೆ ಕುದಿಯುವುದೂ ತಡವಾಗುತ್ತದೆ. ನೀರು 100 ಡಿಗ್ರಿಗೆ ಕುದಿದರೆ ಈ ಮಿಶ್ರಣ ಸುಮಾರು 107ಕ್ಕೆ. ರೇಡಿಯೇಟರ್ ಮುಚ್ಚಳ ಹಿಡಿದಿಡುವ ಒತ್ತಡದಿಂದ ಇನ್ನೂ ಮೇಲೆ. ನನ್ನ ಮುಚ್ಚಳದ ರಬ್ಬರ್ ಸವೆದಿತ್ತು, ಅದನ್ನೂ ಬದಲಾಯಿಸಿದೆ. ನಿಜವಾದ ಕಳ್ಳ ಅದೇ ಇರಬೇಕು!

ಈಗ ಘಾಟಿಯಲ್ಲೂ ಮುಳ್ಳು ಅರ್ಧ ದಾಟುವುದಿಲ್ಲ. ರಿಸರ್ವ್ ಟ್ಯಾಂಕಿನ ಮಟ್ಟವನ್ನು ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ ನೋಡುತ್ತೇನೆ. ಪದೇ ಪದೇ ಇಳಿದರೆ ಸುಮ್ನೆ ತುಂಬಿಸುವುದಲ್ಲ, ಲೀಕ್ ಹುಡುಕಿಸಬೇಕು.