ವಿಜಯಪುರ: ಗೋಳಗುಮ್ಮಟದ ಗದ್ದಲ ಬಿಟ್ಟು ಎರಡು ದಿನ ಎಲ್ಲೆಲ್ಲಿ ಸುತ್ತಬಹುದು?

ಮಲ್ನಾಡ್_ಮಳೆ ಕೇಳಿದ್ದು:

ನವೆಂಬರ್ ಕೊನೆಗೆ ಅಮ್ಮನ ಜೊತೆ ವಿಜಯಪುರಕ್ಕೆ ಬರ್ತಿದೀನಿ, ಎರಡು ದಿನ ಪೂರ್ತಿ ಖಾಲಿ. ಹೈಸ್ಕೂಲಲ್ಲಿದ್ದಾಗ ಟ್ರಿಪ್‌ಗೆ ಬಂದು ಗೋಳಗುಮ್ಮಟ ನೋಡಿದ್ದೆ. ನೆನಪಿರೋದು ಮೇಲಿನ ಗ್ಯಾಲರಿಯಲ್ಲಿ ನೂರಾರು ಮಕ್ಕಳು ಒಟ್ಟಿಗೆ ಕಿರುಚಿದ ಸದ್ದು ಮಾತ್ರ. ಕಿರುಚಿದವರಲ್ಲಿ ನಾನೂ ಇದ್ದೆ, ಅದು ಬೇರೆ ಮಾತು.

ನೆಟ್‌ನಲ್ಲಿ ಎಲ್ಲಿ ಹುಡುಕಿದರೂ ಅವೇ ಹೆಸರು: ಗೋಳಗುಮ್ಮಟ, ಇಬ್ರಾಹಿಂ ರೋಜಾ, ಬಾರಾ ಕಮಾನ್, ಮಲಿಕ್-ಎ-ಮೈದಾನ್ ತೋಪು. ಬಸ್ಸುಗಳು ನಿಲ್ಲದ ಜಾಗ ಯಾವುದಾದರೂ ಇದ್ದರೆ ಹೇಳಿ. ಅಮ್ಮನಿಗೆ ಮಂಡಿನೋವು, ಹೆಚ್ಚು ಮೆಟ್ಟಿಲು ಹತ್ತಿಸೋಕಾಗಲ್ಲ. ನಿಧಾನಕ್ಕೆ ಎಷ್ಟು ದೂರ ಬೇಕಾದರೂ ನಡೀತಾರೆ.

ಬಾವಡಿ_ಮಂದಿ ಬರೆದದ್ದು:

ನಾ ಮೆಹತರ್ ಮಹಲ್ ಹಿಂದಿನ ಓಣಿಯಾಗ ಬೆಳದಾಂವ್ರಿ. ಸ್ವಲ್ಪ ಉದ್ದ ಆಗತೈತಿ, ಚಾ ಇಟ್ಕೊಂಡು ಓದ್ರಿ.

ಗುಮ್ಮಟ ಎಣಿಸ್ಕೋತ ಹೊಂಟ್ರ ಎರಡನೇ ದಿನ ಮಧ್ಯಾಹ್ನಕ್ಕ ಎಲ್ಲಾ ಒಂದ ಥರ ಕಾಣಾಕ ಹತ್ತತಾವ. ನೀವು ನೀರಿನ ಹಾದಿ ಹಿಡೀರಿ. ಈ ಬಿಸಲ ನಾಡಿನ್ಯಾಗ, ಊರ ಬಾಜೂಕ ದೊಡ್ಡ ಹೊಳಿ ಇಲ್ಲದ, ಆದಿಲ್‌ಶಾಹಿಗಳು ಇಷ್ಟು ದೊಡ್ಡ ರಾಜಧಾನಿಗೆ ನೀರು ಹ್ಯಾಂಗ ತಂದ್ರು ಅನ್ನೂದ ನಮ್ಮೂರಿನ ಖರೇ ಕತಿ. ಅದನ್ನ ಯಾವ ಟೂರ್ ಬಸ್ಸೂ ತೋರಸೂದಿಲ್ಲ.

ಮೊದಲ ತಾಜ್ ಬಾವಡಿಗೆ ಹೋಗ್ರಿ. ಪಶ್ಚಿಮದಾಗ, ಮಕ್ಕಾ ದರವಾಜಾದ ಹತ್ರ. 1620ರಾಗ ಎರಡನೇ ಇಬ್ರಾಹಿಂ ಆದಿಲ್‌ಶಾಹನ ರಾಣಿ ತಾಜ್ ಸುಲ್ತಾನಾಳ ಹೆಸರಿಲೆ ಕಟ್ಟಿದ್ದು. ಬಾವಿ ಅಂತಾರ, ಆದ್ರ ಅಳತಿಲೆ ನೋಡಿದ್ರ ಕೆರಿನ. ಮುಂದ ದೊಡ್ಡ ಕಮಾನು, ಎಡಕ್ಕೊಂದು ಬಲಕ್ಕೊಂದು ಎಂಟು ಮೂಲಿ ಬುರುಜು. ಕಮಾನಿನ ಕೆಳಗ ನಿಂತ್ರ ಸಾಕು, ನೀರು ಪೂರಾ ಕಾಣತೈತಿ. ಅಮ್ಮಾರು ಮೆಟ್ಟಿಲ ಇಳಿಯೂದು ಬ್ಯಾಡ.

ಅಲ್ಲಿಂದ ತೊರವಿ ಕಡೆ ಸುರಂಗ ಬಾವಡಿ. ನೆಲದ ಕೆಳಗ ಸುರಂಗ ತೋಡಿ, ಇಳಿಜಾರಿನ ಮ್ಯಾಲ ನೀರು ಊರಿಗೆ ಹರಿಸಿದ್ದು. ಪಂಪಿಲ್ಲ, ಎತ್ತಿಲ್ಲ. ಕರೇಜ್ ಅಂತಾರ ಇದಕ್ಕ, ಪರ್ಷಿಯಾ ಕಡಿಂದ ಬಂದ ವಿದ್ಯಾ. ಸುರಂಗದ ಹಾದಿಗುಂಟ ಅಲ್ಲಲ್ಲಿ ಬಾವಿ ಥರ ತೂತು ಬಿಟ್ಟಾರ, ಗಾಳಿ ಆಡಾಕ, ಹೂಳು ತಗ್ಯಾಕ. ಗೊತ್ತಿಲ್ಲದಾವ್ರಿಗೆ ಅದು ಬರೇ ಪಾಳು ಬಾವಿ.

ಇನ್ನ ಗಂಜ್. ನೀವು ಊರಾಗ ಆಟೋದಾಗ ಹೋಗುವಾಗ ಮನಿ ನಡುವ ಚೌಕನ ಎತ್ತರದ ಕಲ್ಲಿನ ಗೋಪುರ ಕಂಡೇ ಕಾಣತಾವ, ಬಾಗಿಲಿಲ್ಲ, ಕಿಟಕಿಯಿಲ್ಲ. ಸಣ್ಣವರಿದ್ದಾಗ ನಾವು ಅದನ್ನ ಮುರಕ ಮಿನಾರ ಅಂತಿದ್ದಿವಿ. ಅದು ಕೊಳವಿ ನೀರಿನ ಒತ್ತಡ ಕಡಿಮಿ ಮಾಡೂ ಗೋಪುರ. ನೀರು ಮ್ಯಾಲ ಏರಿ, ಹೂಳು ಕೆಳಗ ಕುಂತು, ತಿಳಿ ನೀರು ಮುಂದ ಹೋಗ್ತಿತ್ತು. ಗಾರಿ ಕಿತ್ತು ಬಂದಲ್ಲಿ ಬಗ್ಗಿ ನೋಡ್ರಿ, ಒಳಗ ಸುಟ್ಟ ಮಣ್ಣಿನ ಕೊಳವಿ ಬಾಯಿ ಕಾಣತೈತಿ, ಒಂದರಾಗೊಂದು ಸಿಗಿಸಿದ್ದು. ನಮ್ಮ ಮನಿಗೆ ಬಂದವ್ರಿಗೆ ನಾ ಮೊದಲ ತೋರಸೂದು ಇದನ್ನ. ಅರ್ಧ ಮಂದಿ ಮೋತಿ ಸಣ್ಣ ಮಾಡ್ತಾರ, ಮಾಡ್ಲಿ ಬಿಡ್ರಿ.

ಆ ಕೊಳವಿಗೆ ನೀರು ಬರ್ತಿದ್ದದ್ದು ಊರ ದಕ್ಷಿಣಕ್ಕಿರೂ ಬೇಗಂ ತಲಾಬದಿಂದ, ಮೊಹಮ್ಮದ್ ಆದಿಲ್‌ಶಾಹ 1651ರಾಗ ಕಟ್ಟಿಸಿದ್ದು. ಸಂಜಿಮುಂದ ಹೋಗ್ರಿ. ಅದೇ ನೀರು ಅಸರ್ ಮಹಲ್ ಮುಂದಿನ ಹೊಂಡ ತುಂಬತಿತ್ತು. ಅಸರ್ ಮಹಲ್ ಒಳಗ ಹೆಣ್ಮಕ್ಕಳನ್ನ ಬಿಡೂದಿಲ್ಲ, ಮೊದಲ ಹೇಳಿಬಿಡ್ತೀನಿ. ಹೊಂಡದ ದಂಡಿಮ್ಯಾಲ ನಿಂತ್ರ ಮುಂದಿನ ನಾಕು ಎತ್ತರದ ಕಟಗಿ ಕಂಬ ಹೊರಗಿಂದನ ಕಾಣತಾವ.

ಕಡೀಕ ನಮ್ಮ ಮೆಹತರ್ ಮಹಲ್. ಹೆಸರಿಗೆ ಮಹಲು, ಖರೇ ಅಂದ್ರ ಒಂದು ಮಸೂತಿಯ ಹೆಬ್ಬಾಗಿಲು. ಬಾಲ್ಕನಿ ಕೆಳಗಿನ ಆಸರಿ ಕಲ್ಲು ಕತ್ತೆತ್ತಿ ನೋಡ್ರಿ. ಬಡಿಗ್ಯಾ ಕಟಗ್ಯಾಗ ಮಾಡೂ ಕೆಲಸ ಕಲ್ಲಿನ್ಯಾಗ ಮಾಡ್ಯಾರ, ಅಷ್ಟು ತೆಳ್ಳಗ. ಅರಸ ದಾನ ಕೊಟ್ಟ ರೊಕ್ಕದಾಗ ಒಬ್ಬ ಕಸ ಗುಡಿಸಾಂವ ಇದನ್ನ ಕಟ್ಟಿಸಿದ ಅಂತ ಊರ ಮಂದಿ ಕತಿ ಹೇಳ್ತಾರ. ನಾ ನಂಬೂದಿಲ್ಲ, ಆದ್ರ ಕೇಳಾಕ ಚಲೋ ಐತಿ.

ಗುಮ್ಮಟ_ಪಕ್ಷ ಬರೆದದ್ದು:

ಬಾವಡಿ ಅಣ್ಣಾರು ಹೇಳಿದ್ದೆಲ್ಲಾ ಸರಿ, ಆದರೆ ಗೋಳಗುಮ್ಮಟವನ್ನು ಪೂರ್ತಿ ಕೈಬಿಡಬೇಡಿ. ಬೆಳಿಗ್ಗೆ ಗೇಟು ತೆಗೆಯೋ ಹೊತ್ತಿಗೇ ಹೋಗಿ, ಶಾಲಾ ಬಸ್ಸುಗಳು ಬರೋದರೊಳಗೆ ಹೊರಬನ್ನಿ. ಅಮ್ಮ ಮೇಲೆ ಹತ್ತೋದೇನೂ ಬೇಡ, ಕೆಳಗೆ ನಡುವೆ ನಿಂತು ತಲೆ ಎತ್ತಿದರೆ ಸಾಕು. ಎದುರಿನ ನಗಾರಖಾನೆಯ ಮ್ಯೂಸಿಯಂಗೆ ಶುಕ್ರವಾರ ರಜೆ.

ಅದಾದ ಮೇಲೆ ಊರ ಪೂರ್ವಕ್ಕೆ ಐನಾಪುರದ ಕಡೆ ಒಂದು ಆಟೋ ಮಾಡಿಕೊಳ್ಳಿ. ಜಹಾನ್ ಬೇಗಂ ಗೋರಿ ಅಂತ ಇದೆ, ಗೋಳಗುಮ್ಮಟದ್ದೇ ನಕ್ಷೆ, ಅರ್ಧಕ್ಕೆ ನಿಂತಿದ್ದು. ಮೂಲೆ ಬುರುಜುಗಳಿವೆ, ಗುಮ್ಮಟ ಇಲ್ಲ. ಎರಡನ್ನೂ ಒಂದೇ ಬೆಳಿಗ್ಗೆ ನೋಡಿದರೆ ಗೋಳಗುಮ್ಮಟದ ಅಸ್ಥಿಪಂಜರ ನೋಡಿದ ಹಾಗಾಗುತ್ತೆ.

ಪಶ್ಚಿಮದ ಹೊರವಲಯದಲ್ಲಿ ಸಾಠ ಕಬರ್ ಕೂಡ ಇದೆ. ಒಂದೇ ಕಟ್ಟೆಯ ಮೇಲೆ ಸಾಲುಸಾಲಾಗಿ ಹೆಂಗಸರ ಗೋರಿಗಳು. 1659ರಲ್ಲಿ ಶಿವಾಜಿಯ ಮೇಲೆ ದಂಡೆತ್ತಿ ಹೋಗುವ ಮುನ್ನ ಆದಿಲ್‌ಶಾಹಿ ಸೇನಾಪತಿ ಅಫ್ಜಲ್ ಖಾನ್ ತನ್ನ ಹೆಂಡಂದಿರನ್ನು ಕೊಂದ ಅನ್ನೋ ಐತಿಹ್ಯ ಇದರದ್ದು. ಅಮ್ಮನನ್ನು ಕರ್ಕೊಂಡು ಹೋಗೋ ಜಾಗವೋ ಅಲ್ಲವೋ ನೀವೇ ಯೋಚಿಸಿ. ನನ್ನ ಹೆಂಡತಿ ಐದು ನಿಮಿಷ ನಿಲ್ಲಲಿಲ್ಲ.

ಮಲ್ನಾಡ್_ಮಳೆ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಸಾಠ ಕಬರ್ ಈ ಸಲಕ್ಕೆ ಬೇಡ. ಬಾವಡಿ ಅಣ್ಣಾ, ನೀವು ಹೇಳಿದ ತೊರವಿ ಅಂದ್ರೆ ತೊರವೆ ರಾಮಾಯಣದ ತೊರವೆನಾ? ಅಮ್ಮ ಗಮಕ ಕಲಿತವರು, ಹೆಸರು ಕಿವಿಗೆ ಬಿದ್ದ ಕೂಡಲೇ ಫೋನ್ ಕಿತ್ಕೊಂಡು ತಾವೇ ಓದ್ತಿದಾರೆ.

ಬಾವಡಿ_ಮಂದಿ:

ಹೌದ್ರೀ, ಅದೇ! ಕುಮಾರ ವಾಲ್ಮೀಕಿಯ ತೊರವಿ. ಅಲ್ಲಿ ನರಸಿಂಹನ ಗುಡಿ ಐತಿ, ನೆಲದ ಮಟ್ಟಕ್ಕಿಂತ ಕೆಳಗ, ಗವಿ ಥರ. ಕವಿಯ ದೇವರು ಅವನ. ಹಂಗಾದ್ರ ನಿಮ್ಮ ಪ್ಲಾನ್ ತಿರುಗಾಮುರುಗಾ ಮಾಡ್ರಿ, ಒಂದು ದಿನ ಪೂರಾ ಪಶ್ಚಿಮಕ್ಕ ಇಡ್ರಿ. ಮುಂಜಾನಿ ತಾಜ್ ಬಾವಡಿ, ಆಮ್ಯಾಲ ತೊರವಿ ಗುಡಿ, ಅಲ್ಲೇ ಬಾಜೂಕ ನವರಸಪುರದ ಸಂಗೀತ ಮಹಲ್. ಎರಡನೇ ಇಬ್ರಾಹಿಂ 1599ರಾಗ ಹೊಸ ರಾಜಧಾನಿ ಅಂತ ಶುರು ಮಾಡಿದ್ದು, 1624ರಾಗ ಅಹ್ಮದನಗರದ ಸೇನಾಪತಿ ಮಲಿಕ್ ಅಂಬರ್ ಬಂದು ಹಾಳು ಮಾಡಿ ಹೋದ. ಉಳಿದ ಕಮಾನಿನ ಕೆಳಗ ಅಮ್ಮಾರು ಎರಡು ಷಟ್ಪದಿ ಹಾಡ್ಲಿ, ದನಿ ಚಲೋ ತಿರುಗತೈತಿ.

ಮಲ್ನಾಡ್_ಮಳೆ:

ಹಾಡ್ತಾರಂತೆ, ಈಗಲೇ ಪದ್ಯ ಆರಿಸ್ತಿದಾರೆ. ಕೊನೇ ಪ್ರಶ್ನೆ: ಸುರಂಗ ಬಾವಡಿಯೊಳಗೆ ಇಳೀಬಹುದಾ? ಮತ್ತೆ ಆ ಕಡೆ ಊಟ ಸಿಗುತ್ತಾ?

ಬಾವಡಿ_ಮಂದಿ:

ಒಳಗ ಇಳೀಬ್ಯಾಡ್ರಿ, ಹಾವು ಚೇಳು ಇರತಾವ, ಮ್ಯಾಲಿಂದನ ನೋಡ್ರಿ. ಊಟಕ್ಕ ಊರಿಗೆ ವಾಪಸ್ ಬಂದು ಯಾವುದರ ಖಾನಾವಳಿ ಹೊಕ್ಕುಬಿಡ್ರಿ: ರೊಟ್ಟಿ, ಎಣ್ಣಿಗಾಯಿ, ಶೇಂಗಾ ಚಟ್ನಿ, ಮೊಸರು. ಖಾರ ಕಡಿಮಿ ಅಂತ ಕೂಡೂಕಿಂತ ಮೊದಲ ಹೇಳ್ರಿ, ಮಲೆನಾಡಿನವ್ರಿಗೆ ನಮ್ಮ ಚಟ್ನಿ ತಡ್ಯಾಕಾಗೂದಿಲ್ಲ.