ಹಳೆಯ ಲಾರಿಗೆ ಗುಜರಿ ಲಾರಿಯ ಎಸಿ: ಏನನ್ನು ಕಳಚಿ ತರಬೇಕು?

ಕೇಳಿದ್ದು: ನನ್ನ ಹಳೆಯ ಲಾರಿಯ ಎಸಿ ಕೆಟ್ಟು ವರ್ಷಗಳಾಗಿವೆ. ಹಿಂದಿನ ಮಾಲೀಕರು ಕಂಪ್ರೆಸರನ್ನೇ ಬಿಚ್ಚಿ ತೆಗೆದಿದ್ದಾರೆ. ಅದೇ ಮಾದರಿಯ ಇನ್ನೊಂದು ಲಾರಿ ಗುಜರಿಗೆ ಬಂದಿದೆ, ಅದರಲ್ಲಿ ಎಸಿ ಪೂರ್ತಿಯಾಗಿದೆ. ಹಾಗೆಯೇ ಕಳಚಿ ತಂದು ಕೂರಿಸಬಹುದೇ? ಮಾಡಿಸಿದವರು ತಿಳಿಸಿ.

ಒಬ್ಬರ ಉತ್ತರ: ಎಲ್ಲವನ್ನೂ ತನ್ನಿ, ಎಲ್ಲವನ್ನೂ ಕೂರಿಸಬೇಡಿ. ಇಂಥ ಲಾರಿಯಲ್ಲಿ ಬೆಲೆಬಾಳುವುದು ಕಂಪ್ರೆಸರ್ ಎಂದು ಜನ ತಿಳಿಯುತ್ತಾರೆ. ನನ್ನ ಲೆಕ್ಕದಲ್ಲಿ ಅದನ್ನು ಎಂಜಿನ್ನಿಗೆ ಬಿಗಿಯುವ ಬ್ರಾಕೆಟ್ಟೇ ದೊಡ್ಡದು. ಕಂಪ್ರೆಸರ್ ಹೊಸದು ಸಿಕ್ಕೀತು. ಬ್ರಾಕೆಟ್, ಬೆಲ್ಟ್ ಟೆನ್ಷನರ್, ಎಸಿ ಬೆಲ್ಟಿನ ಕ್ರ್ಯಾಂಕ್ ಪುಲ್ಲಿ, ಡ್ಯಾಶ್‌ಬೋರ್ಡ್ ಒಳಗಿನ ಕೂಲಿಂಗ್ ಕಾಯಿಲ್ ಪೆಟ್ಟಿಗೆ ಅಂಗಡಿಯಲ್ಲಿ ಸಿಗುವುದು ಕಷ್ಟ. ವೈರುಗಳನ್ನು ಕತ್ತರಿಸದೆ ಕನೆಕ್ಟರ್ ಸಮೇತ ಬಿಡಿಸಿಕೊಳ್ಳಿ. ಬ್ರಾಕೆಟ್ಟಿನ ಬೋಲ್ಟುಗಳ ಉದ್ದ ಒಂದೇ ಇರುವುದಿಲ್ಲ, ಬಂದ ರಂಧ್ರದಲ್ಲೇ ಸಿಕ್ಕಿಸಿ ತನ್ನಿ.

ಬಿಚ್ಚುವ ಮೊದಲು ಒತ್ತಡ ಅಳೆಯುವ ಗೇಜ್ ಹಾಕಿಸಿ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಎಂಜಿನ್ ನಿಂತಿರುವಾಗ, ಎಸಿಯಲ್ಲಿ ತಂಪು ಮಾಡುವ ಆರ್-134ಎ ಗ್ಯಾಸ್ ಸುಮಾರು 80 ಪಿಎಸ್‌ಐ ತೋರಿಸಬೇಕು. ತೋರಿಸಿದರೆ ಒಳಗೆ ತೇವ ಹೊಕ್ಕಿಲ್ಲ ಎಂಬ ಧೈರ್ಯ. ಸೊನ್ನೆ ಇದ್ದರೆ ಅದರ ಕಂಪ್ರೆಸರಿಗೆ ನಾನು ಆಸೆಪಡುವುದಿಲ್ಲ. ಗ್ಯಾಸನ್ನು ಯಂತ್ರಕ್ಕೆ ಎಳೆಸಿಯೇ ಪೈಪು ಬಿಚ್ಚಬೇಕು; ಗಾಳಿಗೆ ಬಿಡಬಾರದು, ಚಿಮ್ಮಿದರೆ ಕಣ್ಣಿಗೂ ಅಪಾಯ.

ಆಮೇಲೆ ಕಂಪ್ರೆಸರಿನ ಕ್ಲಚ್ಚಿನ ಮುಂದಿನ ತಟ್ಟೆಯನ್ನು ಕೈಯಲ್ಲಿ ತಿರುಗಿಸಿ ನೋಡಿ. ಎಲ್ಲೂ ಹಿಡಿಯದೆ ತಿರುಗಬೇಕು. ಕಂಪ್ರೆಸರಿನ ಎಣ್ಣೆಯನ್ನು ಬಿಳಿ ಬಟ್ಟೆಯ ಮೇಲೆ ತೊಟ್ಟಿಕ್ಕಿಸಿ: ತಿಳಿಯಾಗಿದ್ದರೆ ಸರಿ. ಕಪ್ಪಾಗಿದ್ದು, ಬಟ್ಟೆಯನ್ನು ಬೆಳಕಿಗೆ ಓರೆ ಮಾಡಿದಾಗ ಲೋಹದ ಪುಡಿ ಮಿನುಗಿದರೆ ಒಳಭಾಗ ಸವೆದುಹೋಗಿದೆ ಎಂದೇ ಅರ್ಥ. ಆ ಪುಡಿ ಗ್ಯಾಸಿನ ಬಿಸಿಯನ್ನು ಹೊರಹಾಕುವ ಕಂಡೆನ್ಸರಿನ ಸಣ್ಣ ನಾಳಗಳಲ್ಲೂ ಕೂತಿರುತ್ತದೆ, ತೊಳೆದರೂ ಪೂರ್ತಿ ಹೋಗದು. ಎರಡನ್ನೂ ಅಲ್ಲೇ ಬಿಟ್ಟುಬನ್ನಿ.

ಡ್ರೈಯರ್ (ಗ್ಯಾಸಿನಲ್ಲಿನ ತೇವ ಹೀರುವ ಡಬ್ಬಿ) ಮತ್ತು ಓ-ರಿಂಗುಗಳು (ಪೈಪಿನ ಜೋಡಣೆಯ ರಬ್ಬರ್ ಬಳೆಗಳು) ಹೊಸವೇ ಆಗಬೇಕು, ಇದರಲ್ಲಿ ಚೌಕಾಸಿ ಇಲ್ಲ. ಡ್ರೈಯರಿನ ಮುಚ್ಚಳ ತೆಗೆದ ಕ್ಷಣದಿಂದ ಅದು ಗಾಳಿಯ ತೇವ ಹೀರುತ್ತದೆ. ಉಳಿದೆಲ್ಲ ಜೋಡಣೆ ಮುಗಿದ ಮೇಲೆ, ಕೊನೆಯಲ್ಲಿ ಕೂರಿಸಿ. ನಿಮ್ಮ ಲಾರಿ ಹಿಂದಿನ ಎಸಿ ಗ್ಯಾಸ್ ಆರ್-12ರ ಕಾಲದ್ದಾದರೆ ಹಳೆಯ ಖನಿಜ ತೈಲವನ್ನು ಪೂರ್ತಿ ತೆಗೆಸಿ, ಅದು ಆರ್-134ಎ ಜೊತೆ ಬೆರೆಯುವುದಿಲ್ಲ. ಗ್ಯಾಸೂ ಹಳೆಯ ತೂಕದ ಶೇ. 80ರಿಂದ 90ರಷ್ಟು ಸಾಕು.

ಇನ್ನೊಬ್ಬರ ಉತ್ತರ: ಮೇಲಿನದೆಲ್ಲ ಸರಿ. ಹೋಸ್ ವಿಷಯ ಬಿಟ್ಟುಹೋಗಿದೆ. ಗುಜರಿ ಲಾರಿಯ ಹೋಸುಗಳನ್ನು ಎಸೆಯಬೇಡಿ. ತುದಿಯ ಲೋಹದ ಫಿಟಿಂಗ್ ಉಳಿಸಿಕೊಂಡು ನಡುವೆ ಹೊಸ ಬ್ಯಾರಿಯರ್ ಹೋಸ್ (ಗ್ಯಾಸ್ ಸೋರದಂತೆ ಒಳಪದರ ಇರುವ ಹೋಸ್) ಒತ್ತಿಸಿಕೊಳ್ಳಬಹುದು. ಹಳೆಯ ಮಾಮೂಲಿ ರಬ್ಬರಿನ ಮೂಲಕ ಆರ್-134ಎ ಮೆಲ್ಲನೆ ಸೋರುತ್ತದೆ.

ಅದೇ ಮಾದರಿ ಸಿಗದೆ ಕಾರಿನ ಭಾಗ ತರುವವರು ವೋಲ್ಟೇಜ್ ನೋಡಿಕೊಳ್ಳಿ. ಕಾರು 12 ವೋಲ್ಟ್, ದೊಡ್ಡ ಲಾರಿಗಳಲ್ಲಿ ಬಹುಪಾಲು 24. 24ಕ್ಕೆ ಜೋಡಿಸಿದರೆ ಕಾರಿನ ಕ್ಲಚ್ ಕಾಯಿಲ್, ಬ್ಲೋವರ್, ಫ್ಯಾನ್ ಮೂರೂ ಸುಟ್ಟುಹೋಗುತ್ತವೆ. ಎರಡು ಬ್ಯಾಟರಿಗಳ ಪೈಕಿ ಒಂದರಿಂದ ಮಾತ್ರ 12 ವೋಲ್ಟ್ ಎಳೆಯುವ ಉಪಾಯವನ್ನು ಯಾರಾದರೂ ಹೇಳಿದರೆ ಕೇಳಬೇಡಿ, ಬ್ಯಾಟರಿಗಳ ಸಮತೋಲ ಕೆಡುತ್ತದೆ.

ಗ್ಯಾಸ್ ತುಂಬಿಸುವ ಮುನ್ನ ವ್ಯಾಕ್ಯೂಮ್ ಪಂಪನ್ನು ಕನಿಷ್ಠ ಅರ್ಧ ಗಂಟೆ ಓಡಿಸಲಿ. ಪಂಪ್ ನಿಲ್ಲಿಸಿದ ಮೇಲೆ ಗೇಜಿನ ಮುಳ್ಳು ಹಿಂದೆ ಸರಿದರೆ ಸೋರಿಕೆ ಹುಡುಕಿಸಿ, ಗ್ಯಾಸ್ ಆಮೇಲೆ.